ದುರ್ಯೋಧನ ಬದಲಾದ ಹನ್ನೊಂದು ದಿನ

ನಮ್ಮೂರಲ್ಲಿ ನಾಟಕದ ತಾಲೀಮು ಶುರುವಾಯಿತೆಂದರೆ ಅಪ್ಪ ಅಮ್ಮ ಇಟ್ಟ ಹೆಸರುಗಳಿಗೆ ನಾಲ್ಕು ತಿಂಗಳು ರಜೆ. ಟೀ ಅಂಗಡಿಯಲ್ಲಿ "ಧರ್ಮರಾಯ ಬಂದಿದ್ನಾ?" ಎಂದು ಕೇಳಿದರೆ "ಈಗತಾನೆ ಡೇರಿಗೆ ಹಾಲು ಹಾಕಿ ಹೋದ" ಎಂದು ಉತ್ತರ ಬರುತ್ತದೆ. ದ್ರೋಣಾಚಾರ್ಯರ ಟ್ರ್ಯಾಕ್ಟರ್ ಕೆರೆ ಏರಿ ಮೇಲೆ ಕೆಟ್ಟು ನಿಂತಿರುತ್ತದೆ, ವಿದುರನ ಎಮ್ಮೆ ಈದಿರುತ್ತದೆ, ಅಭಿಮನ್ಯುವಿಗೆ ಪಿಯುಸಿ ಪರೀಕ್ಷೆ ಇರುತ್ತದೆ. ನಾನು ಶಕುನಿ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು. ಶನಿವಾರ ಅರಸೀಕೆರೆ ಕಡೆಯ ರೈಲು ಹಿಡಿದು ಗುಬ್ಬಿಯಲ್ಲಿ ಇಳಿದರೆ ಸ್ಟೇಷನ್ನಿಂದಲೇ "ಏನ್ ಮಾವ, ದಾಳ ತಂದಿದ್ದೀರಾ?" ಶುರು. ಹಾಗಾಗಿ ಈ ಬರಹದಲ್ಲೂ ಯಾರ ಹೆಸರೂ ಇಲ್ಲ, ಪಾತ್ರಗಳೇ. ಅದು ಅವರಿಗೂ ಕ್ಷೇಮ, ನನಗೂ.

ನಾಟಕಕ್ಕೆ ಹನ್ನೊಂದು ದಿನ ಉಳಿದಿತ್ತು. ಮಂಗಳವಾರ ರಾತ್ರಿ ಹನ್ನೊಂದರ ಹೊತ್ತಿಗೆ ದುಶ್ಶಾಸನನ ಫೋನು ಬಂತು. "ಮಾವ, ನಮ್ಮಣ್ಣಂಗೆ ಕರುಳು ಸಿಗಾಕ್ಕೊಂಡೈತಂತೆ. ತುಮಕೂರಿಗೆ ಕರ್ಕೊಂಡು ಹೋಗ್ತಾವ್ರೆ."

ಅಣ್ಣ ಅಂದರೆ ದುರ್ಯೋಧನ. ಐವತ್ತೆಂಟು ವರ್ಷ, ಆರಡಿ ಆಳು. ನಿಜದಲ್ಲಿ ನನಗೆ ಚಿಕ್ಕಪ್ಪನ ವರಸೆ, ನಾಟಕದಲ್ಲಿ ಮಾತ್ರ ನನ್ನನ್ನು ಮಾವ ಅನ್ನಬೇಕು. ಅವರಿಗೆ ಹರ್ನಿಯಾ ಇದ್ದದ್ದು ಎಲ್ಲರಿಗೂ ಗೊತ್ತಿತ್ತು. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡೇ ನಾಲ್ಕು ತಿಂಗಳು ಕಂದಪದ್ಯ ಎಳೆದಿದ್ದರು. "ನಾಟಕ ಮುಗೀಲಿ, ಆಮೇಲೆ ಕುಯ್ಯಿಸ್ಕೊಂಡ್ರಾಯ್ತು" ಅನ್ನುತ್ತಿದ್ದರು. ಕರುಳು ಅಷ್ಟು ದಿನ ಕಾಯಲಿಲ್ಲ. ರಾತ್ರೋರಾತ್ರಿ ಆಪರೇಷನ್ ಆಯಿತು. ಬೆಳಗ್ಗೆ ಡಾಕ್ಟರು ಹೇಳಿದ್ದು ಎರಡೇ ಮಾತು: ಮೂರು ತಿಂಗಳು ಭಾರ ಎತ್ತುವಂತಿಲ್ಲ, ಹೊಟ್ಟೆ ಬಿಗಿಹಿಡಿದು ಕೂಗುವಂತಿಲ್ಲ. ನಮ್ಮ ಕಡೆಯ ಪೌರಾಣಿಕ ನಾಟಕದಲ್ಲಿ ದುರ್ಯೋಧನ ಮಾಡುವುದು ಆ ಎರಡೇ ಕೆಲಸ.

ಈ ನಾಟಕಗಳು ಗೊತ್ತಿಲ್ಲದವರಿಗೆ ಒಂದೆರಡು ಮಾತು. ತುಮಕೂರು, ಮಂಡ್ಯ, ಹಾಸನದ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಕುರುಕ್ಷೇತ್ರ ಆಡುತ್ತೇವೆ. ರಾತ್ರಿ ಒಂಬತ್ತಕ್ಕೆ ಶುರುವಾದರೆ ಸೂರ್ಯ ಹುಟ್ಟಿದ ಮೇಲೆ ಮಂಗಳ. ಹಾರ್ಮೋನಿಯಂ ಮೇಷ್ಟ್ರು ಬಂದು ತಿಂಗಳುಗಟ್ಟಲೆ ಹಾಡು, ಮಾತು ಕಲಿಸುತ್ತಾರೆ. ಪರದೆ, ಕಿರೀಟ, ಲೈಟು ಎಲ್ಲ ಸೀನರಿಯವರದ್ದು, ಬಾಡಿಗೆಗೆ. ಹೆಣ್ಣು ಪಾತ್ರಗಳಿಗೆ ವೃತ್ತಿ ಕಲಾವಿದೆಯರು ನಾಟಕದ ಹಿಂದಿನ ದಿನವೋ, ಅದೇ ದಿನವೋ ಬರುತ್ತಾರೆ. ಪಟ್ಟಣದ ನಾಟಕದಲ್ಲಿ ನಟರಿಗೆ ಕಾಸು ಕೊಡುತ್ತಾರೆ ಅಂತ ಕೇಳಿದ್ದೇನೆ, ನಮ್ಮಲ್ಲಿ ನಟರೇ ಕಾಸು ಕೊಡಬೇಕು. ಪಾತ್ರ ದೊಡ್ಡದಾದಷ್ಟೂ ವಂತಿಗೆ ದೊಡ್ಡದು. ನಮ್ಮ ದುರ್ಯೋಧನರು ಮೂವತ್ತೈದು ಸಾವಿರ ಕೊಟ್ಟಿದ್ದರು, ನಾನು ಹನ್ನೆರಡು. ನಮ್ಮದು ಗುಬ್ಬಿ ತಾಲ್ಲೂಕು ಬೇರೆ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿಯ ನೆಲ. ಗುಬ್ಬಿ ವೀರಣ್ಣನವರು ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿದ್ದರು ಅನ್ನೋ ಕಥೆ ಇಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ನಮಗೆ ಆನೆ ಇಲ್ಲ. ಇದ್ದದ್ದು ಒಬ್ಬ ದುರ್ಯೋಧನ.

ಬುಧವಾರ ಸಂಜೆ ಅರಳಿಕಟ್ಟೆ ಮೇಲೆ ಪಂಚಾಯ್ತಿ. ಮುಂದಕ್ಕೆ ಹಾಕೋಣ ಅಂದರೆ ಸೀನರಿಯವರ ಡೇಟು ಸಿಗುವುದು ಎರಡು ತಿಂಗಳ ಮೇಲೆ, ಅಷ್ಟರಲ್ಲಿ ಮಳೆ. ದುಶ್ಶಾಸನ ಎದ್ದು ನಿಂತು "ಅಣ್ಣನ ಪಾಲ್ಟು ನನಗೆ ಬಾಯಿಪಾಠ, ನಾನೇ ಮಾಡ್ತೀನಿ" ಅಂದ. ಸರಿ, ದುಶ್ಶಾಸನ ಯಾರು? ವಿಕರ್ಣ. ವಿಕರ್ಣ ಯಾರು? ಹೀಗೇ ಇಳಿಯುತ್ತಾ ಹೋಗಿ ದ್ವಾರಪಾಲಕನ ತನಕ ಎಲ್ಲರೂ ಒಂದೊಂದು ಮೆಟ್ಟಿಲು ಹತ್ತುವ ಲೆಕ್ಕವಾಯಿತು. ಹಾರ್ಮೋನಿಯಂ ಮೇಷ್ಟ್ರು ಕಿವಿ ಮುಚ್ಚಿಕೊಂಡರು. "ಒಬ್ಬ ಕೆಟ್ಟ ಅಂತ ಆರು ಜನಾನ ಕೆಡಿಸ್ಬೇಡ್ರಪ್ಪ. ತುರುವೇಕೆರೆ ಕಡೆ ನನ್ನ ಶಿಷ್ಯ ಒಬ್ಬ ಅವ್ನೆ. ಇಪ್ಪತ್ತಾರು ವರ್ಷ. ಏಳು ಸಲ ದುರ್ಯೋಧನ ಮಾಡವ್ನೆ. ಹಾಲಿನ ಗಾಡಿ ಓಡಿಸ್ತಾನೆ."

ಹೊರಗಿನವನು! ಗಲಾಟೆ ಎದ್ದದ್ದು ಅಲ್ಲಿ. ಕಾಸು ಕೊಡದವನಿಗೆ ಇಷ್ಟು ದೊಡ್ಡ ಪಾತ್ರವೇ, ನಾಳೆ ನೆಂಟರಿಗೆ ಏನು ಹೇಳೋದು, ಅವನ ಕಡೆಯಿಂದ ಸ್ಟೇಜಿನ ಮೇಲೆ ಮುಯ್ಯಿ ಹಾಕೋರು ಯಾರು? ಅಷ್ಟು ಹೊತ್ತೂ ಸುಮ್ಮನಿದ್ದ ಧೃತರಾಷ್ಟ್ರರು ಬಾಯಿ ಬಿಟ್ಟರು. ಎಪ್ಪತ್ತನಾಲ್ಕು ವರ್ಷ, ರಿಟೈರ್ಡ್ ಪೋಸ್ಟ್‌ಮ್ಯಾನು, ಹರೆಯದಲ್ಲಿ ಸೈಕಲ್ ತುಳಿದು ಹೋಗಿ ನಾಟಕ ನೋಡಿದವರು. "ಮೈಸೂರಿನ ನಾಗರತ್ನಮ್ಮ ಬರೀ ಹೆಂಗಸರನ್ನೇ ಕಟ್ಕೊಂಡು 1958ರಲ್ಲೇ ಕಂಪನಿ ಮಾಡಿದ್ರು. ಆಯಮ್ಮನೇ ಭೀಮ, ಆಯಮ್ಮನೇ ಕಂಸ. ಹೆಣ್ಣುಮಗಳು ಗದೆ ಹಿಡಿದ್ರೆ ಚಪ್ಪಾಳೆ ತಟ್ಟಿದ ಜನ ನಾವು. ಪಕ್ಕದ ತಾಲ್ಲೂಕಿನ ಹುಡುಗ ಹಿಡಿದ್ರೆ ಜಾತಿ ಕೆಡ್ತೈತಾ?" ಸ್ತ್ರೀ ನಾಟಕ ಮಂಡಳಿಯ ಆರ್. ನಾಗರತ್ನಮ್ಮ ನಮ್ಮೂರ ತಂಟೆ ತೀರಿಸಿದ್ದು ಹೀಗೆ.

ಗುರುವಾರ ಸಂಜೆ ಹುಡುಗ ಬಂದ. ಟಾಟಾ ಏಸ್ ಗಾಡಿ, ಹಿಂದೆ ಖಾಲಿ ಕ್ಯಾನುಗಳ ಸದ್ದು. ಐದೂವರೆ ಅಡಿ ಇದ್ದಿರಬಹುದು, ಸಣ್ಣ ಮೈ. ಬಾಯಿ ಬಿಡುವ ತನಕ ಯಾರಿಗೂ ನಂಬಿಕೆ ಬರಲಿಲ್ಲ. ಅವನನ್ನು ಏನಂತ ಕರೆಯುವುದು ಅನ್ನುವುದೇ ಮೊದಲ ತೊಡಕು. ದುರ್ಯೋಧನ ಅಂದರೆ ಊರಿಗೆ ಆಸ್ಪತ್ರೆಯಲ್ಲಿ ಮಲಗಿದವರೇ. ಪಾತ್ರ ಹೆಸರಿಗೆ ಅಂಟಿಕೊಂಡರೆ ಕೀಳುವುದು ಕಷ್ಟ. ಮುಖ್ಯಮಂತ್ರಿ ಚಂದ್ರು ಅವರನ್ನೇ ನೋಡಿ, ನಾಟಕದಲ್ಲಿ ಹಿಡಿದ ಕುರ್ಚಿಯಿಂದ ಅವರನ್ನು ಇಳಿಸಲು ಇವತ್ತಿಗೂ ಯಾರಿಗೂ ಆಗಿಲ್ಲ. ಕೊನೆಗೆ ಹುಡುಗನಿಗೆ 'ಕೌರವ' ಅಂತಾಯಿತು. ಅಂದರೆ ಹತ್ತು ದಿನ ನಮ್ಮೂರಲ್ಲಿ ಒಬ್ಬ ದುರ್ಯೋಧನ, ಒಬ್ಬ ಕೌರವ, ಇಬ್ಬರೂ ಬೇರೆ ಬೇರೆ.

ಮುಖ್ಯ ಪಾತ್ರ ಬದಲಾದರೆ ಒಂದು ಜಾಗ ಖಾಲಿಯಾಗುತ್ತೆ, ಅಲ್ಲಿಗೆ ಇನ್ನೊಬ್ಬನನ್ನು ಕೂರಿಸಿದರೆ ಆಯಿತು ಅಂತ ನಾನು ತಿಳಿದಿದ್ದೆ. ಸ್ಟೋರ್ಸಿನಲ್ಲಿ ಕೆಲಸ ಮಾಡೋನ ತಲೆ, ಕೆಟ್ಟ ಬೇರಿಂಗ್ ತೆಗೆದು ಹೊಸದು ಹಾಕೋ ಲೆಕ್ಕ. ಆ ತಿಳುವಳಿಕೆ ಮೊದಲ ರಾತ್ರಿಯೇ ಮುರಿದುಬಿತ್ತು, ಅದೂ ಹಾರ್ಮೋನಿಯಂನಿಂದ.

ದುರ್ಯೋಧನರ ಶ್ರುತಿ ಬಿಳಿ ಎರಡು, ಅಂದರೆ ಹಾರ್ಮೋನಿಯಂನ ಎರಡನೇ ಬಿಳಿ ಕೀಲಿ, ನಮ್ಮ ಮಾತಲ್ಲಿ ಮನೆ. ದಪ್ಪ ಗಂಟಲು, ಕೆಳಗಿಂದ ಎದ್ದು ಬರುವ ಸ್ವರ. ಹುಡುಗನದು ಬಿಳಿ ನಾಲ್ಕು. ಮೇಷ್ಟ್ರಿಗೆ ಬೆರಳು ಸರಿಸುವುದು ದೊಡ್ಡದಲ್ಲ. ತಬಲಾಕ್ಕೆ ಅದು ಸುಲಭವಲ್ಲ. ಬಲಗೈ ತಬಲವನ್ನು ಷಡ್ಜಕ್ಕೆ ಕಟ್ಟಿರುತ್ತಾರೆ, ಶ್ರುತಿ ಅಷ್ಟು ಏರಿದರೆ ಸುತ್ತಿಗೆಯಲ್ಲಿ ಎಷ್ಟು ಬಡಿದರೂ ಚರ್ಮ ಒಪ್ಪುವುದಿಲ್ಲ, ಇನ್ನೊಂದು ತಬಲವೇ ಬೇಕು. ತಬಲಾ ಮೇಷ್ಟ್ರು ಕಡಬದಲ್ಲಿ ಯಾರದೋ ಮನೆಯಿಂದ ಸಣ್ಣ ಬಾಯಿಯದೊಂದು ತಂದರು. ಅಲ್ಲಿಗೂ ಮುಗಿಯಲಿಲ್ಲ. ನಮ್ಮ ನಾಟಕದಲ್ಲಿ ಜಗಳ ಆಡುವುದೂ ಪದ್ಯದಲ್ಲೇ. ಒಬ್ಬ ಎರಡು ಸಾಲು ಎತ್ತಿದರೆ ಎದುರಿನವನು ಅದೇ ಮಟ್ಟಿನಲ್ಲಿ ಎರಡು ಸಾಲು ತಿರುಗಿ ಹೊಡೆಯಬೇಕು. ಕೃಷ್ಣ, ಭೀಮ, ಕರ್ಣ ಎಲ್ಲರೂ ನಾಲ್ಕು ತಿಂಗಳು ದುರ್ಯೋಧನರ ಬಿಳಿ ಎರಡಕ್ಕೆ ಗಂಟಲು ಹೊಂದಿಸಿಕೊಂಡಿದ್ದರು. ಈಗ ಹುಡುಗ ಬಿಳಿ ನಾಲ್ಕರಲ್ಲಿ ಸವಾಲು ಎಸೆದರೆ ಕೃಷ್ಣನ ಗಂಟಲು ಪಂಚಮದಾಚೆ ಹೋಗಲೊಲ್ಲದು. ಕೃಷ್ಣ ನಮ್ಮ ಹೈಸ್ಕೂಲಿನ ರಿಟೈರ್ಡ್ ಮೇಷ್ಟ್ರು, ಸ್ವಾಭಿಮಾನಿ. "ನಾನು ಭಗವಂತ ಕಣಯ್ಯ, ನನ್ನ ಶ್ರುತಿಗೆ ಅವನು ಇಳೀಲಿ" ಅಂದರು. ಹುಡುಗ ಇಳಿದರೆ ಅವನ ಗಂಟಲಲ್ಲಿ ಇದ್ದ ಕಂಚೆಲ್ಲ ಸೀಸ. ಎರಡು ರಾತ್ರಿ ಇದೇ ಆಯಿತು. ಕೊನೆಗೆ ವಾದದ ಪದ್ಯಗಳಿಗೆ ಕಪ್ಪು ಎರಡು, ಹುಡುಗ ಒಬ್ಬನೇ ಹಾಡುವಾಗ ಬಿಳಿ ನಾಲ್ಕು ಎಂದು ರಾಜಿಯಾಯಿತು. ಇಡೀ ನಾಟಕದ ಕಿವಿ ಅರ್ಧ ಮನೆ ಮೇಲೇರಿತು. ಸಂಭಾಷಣೆಯ ಮಾತೂ ಅದರ ಜೊತೆಗೇ ಏರಿತು ಅನ್ನುವುದು ನನ್ನ ಗಮನಕ್ಕೆ ಬಂದದ್ದು ಆಮೇಲೆ. ಹಾಡು ಎಲ್ಲಿ ಬಿಡುತ್ತದೋ ಅಲ್ಲಿಂದಲೇ ತಾನೇ ಮಾತು ಎತ್ತಿಕೊಳ್ಳುವುದು? ನನ್ನ ಶಕುನಿ ಮೊದಲು ಗೊಗ್ಗರು ದನಿಯಲ್ಲಿ ಪಿಸುಗುಡುತ್ತಿದ್ದವನು, ಈಗ ಕೀರಲು ದನಿಯವನಾದ. ನನ್ನ ಹೆಂಡತಿ ಇದೇ ವಾಸಿ ಅಂದಳು.

ಎರಡನೆಯದು ಮಾತು. ಕುರುಕ್ಷೇತ್ರಕ್ಕೆ ಊರಿಗೊಂದು ಪ್ರತಿ. ಮೇಷ್ಟ್ರು ಒಬ್ಬರೇ ಆದರೂ ಅಲ್ಲಿ ಕಲಿಸಿದ ಮಾತು ಬೇರೆ, ಇಲ್ಲಿಯದು ಬೇರೆ. ನಮ್ಮ ನೋಟ್‌ಬುಕ್ಕುಗಳಲ್ಲಿ ಎದುರಿನವರ ಪೂರ್ತಿ ಮಾತು ಇರುವುದಿಲ್ಲ, ಅವರ ಕೊನೇ ಎರಡು ಪದ, ಆಮೇಲೆ ನಮ್ಮದು. ನಾನು ಬಾಯಿ ತೆಗೆಯಬೇಕಾದದ್ದು ದುರ್ಯೋಧನ "...ಸೂಜಿಮೊನೆಯಷ್ಟೂ ಇಲ್ಲ" ಅಂದ ಮೇಲೆ. ಹುಡುಗನ ಪ್ರತಿಯಲ್ಲಿ ಸೂಜಿಮೊನೆ ಮಧ್ಯದಲ್ಲೆಲ್ಲೋ ಬಂದು ಹೋಗಿ ಮಾತು "ಇದು ಕೌರವನ ಆಣೆ" ಅಂತ ಮುಗಿಯುತ್ತಿತ್ತು. ನಾನು ಸೂಜಿಮೊನೆಗೆ ಬಾಯಿ ಹಾಕಿದರೆ ಅವನ ಮಾತು ಅರ್ಧಕ್ಕೆ ಕಡಿಯುತ್ತೆ. ಕಾದರೆ ಅವನು ಮುಗಿಸಿ ನನ್ನ ಮುಖ ನೋಡುತ್ತಾ ನಿಲ್ಲುತ್ತಾನೆ. ಇಂಥವು ಲೆಕ್ಕ ಹಾಕಿದರೆ ಇಡೀ ನಾಟಕದಲ್ಲಿ ಮೂವತ್ತಕ್ಕೂ ಮೇಲಿದ್ದವು. ಹಾಲಿನ ಗಾಡಿಯಲ್ಲಿ ಅವನ ಪಕ್ಕ ಕೂತು ನಾನು ಎರಡು ಬೆಳಗ್ಗೆ ಚೇಳೂರು, ನಿಟ್ಟೂರು ಎಲ್ಲ ಸುತ್ತಿದ್ದೇನೆ. ಅವನು ಕ್ಯಾನು ಎತ್ತಿ ಇಳಿಸುವುದು, ನಾನು ಕೊನೇ ಮಾತು ಹೇಳಿಕೊಡುವುದು. ಕ್ಯಾನಿನ ಮೇಲೆ ತಾಳ ಹಾಕಿಕೊಂಡು ಕಲಿತ. ಹುಡುಗ ಚುರುಕು, ಗರ್ವ ಇಲ್ಲ. ಆದರೂ ಸೂಜಿಮೊನೆ ಮಾತ್ರ ಕೊನೆಗೆ ಬರಬೇಕು ಎಂದು ನಾವೆಲ್ಲ ಯಾಕೆ ಹಟ ಹಿಡಿದಿದ್ದೇವೆ ಅಂತ ಅವನಿಗೆ ಅರ್ಥವಾಗಲಿಲ್ಲ. ಹೇಗೆ ಹೇಳುವುದು?

ವಿಷಯ ಇಷ್ಟೇ. ನಮ್ಮ ದುರ್ಯೋಧನರ ಹೊಲ, ನಮ್ಮ ಭೀಮನ ಹೊಲ ಅಕ್ಕಪಕ್ಕ. ನಡುವೆ ಮೂರಡಿ ಬದು, ಬದುವಿನ ಮೇಲೊಂದು ಹುಣಸೆ ಮರ. ಯಾರ ಕಡೆಗೆ ಸೇರಿದ್ದು ಅಂತ ಆರು ವರ್ಷದಿಂದ ಜಗಳ. ಎರಡು ಸಲ ಸರ್ವೆ ಆಗಿದೆ, ಎರಡು ಸಲವೂ ಕಲ್ಲು ಬೇರೆ ಬೇರೆ ಕಡೆ ಬಿದ್ದಿದೆ. ಮಾತುಕತೆ ಪೂರ್ತಿ ನಿಂತಿದೆ. ಪಾತ್ರ ಹಂಚುವ ದಿನ ಇವರು ದುರ್ಯೋಧನ ಹಿಡಿದ ಮರುಗಳಿಗೆಯೇ ಆತ ಎದ್ದು, ಯಾರೂ ಕೇಳದಿದ್ದರೂ ಎರಡು ಸಾವಿರ ಹೆಚ್ಚಿಗೆ ಹೇಳಿ ಭೀಮ ಹಿಡಿದ. ತೊಡೆ ಮುರಿಯುವ ಅವಕಾಶ ಯಾರು ಬಿಡುತ್ತಾರೆ? ಆರು ವರ್ಷ ಮಾತಿಲ್ಲದ ಇಬ್ಬರು ನಾಲ್ಕು ತಿಂಗಳು ದಿನಾ ರಾತ್ರಿ ಪದ್ಯದಲ್ಲಿ ಬೈದಾಡಿಕೊಂಡರು. ದುರ್ಯೋಧನ ಕೃಷ್ಣನಿಗೆ "ಸೂಜಿಮೊನೆಯಷ್ಟೂ ಇಲ್ಲ" ಅನ್ನುವಾಗ ನೋಡುತ್ತಿದ್ದದ್ದು ಭೀಮನನ್ನು. ತಾಲೀಮು ನೋಡಲು ಬಂದ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಸುತ್ತ ಏಳು ಹಳ್ಳಿಯಿಂದ ಜನ ಬರುವುದಿತ್ತಲ್ಲ, ಅರ್ಧ ಜನ ಬರುತ್ತಿದ್ದದ್ದು ಈ ಗದಾಯುದ್ಧ ನೋಡಲಿಕ್ಕೆ.

ಹುಡುಗ ಬಂದ ಮೇಲೆ ಆ ಗಾಳಿಯೆಲ್ಲ ಇಳಿದುಹೋಯಿತು. ಅವನಿಗೆ ಆ ಬದುವೂ ಗೊತ್ತಿಲ್ಲ, ಹುಣಸೆ ಮರವೂ ಗೊತ್ತಿಲ್ಲ. ಭೀಮನ ಮುಂದೆ ನಿಂತು ಕಣ್ಣು ಕೆಂಪಗೆ ಮಾಡಿ ಬೈದರೆ ಭೀಮ "ಚೆನ್ನಾಗಿ ಹೇಳ್ತೀಯ ಕಣಪ್ಪ, ಊಟ ಆಯ್ತಾ?" ಅನ್ನುತ್ತಿದ್ದ. ಭೀಮನಿಗೆ ಅವನ ವಯಸ್ಸಿನ ಮಗ ಇದ್ದಾನೆ. ಗದೆ ಎತ್ತಿದ ಕೈ ಅರ್ಧಕ್ಕೇ ನಿಲ್ಲುತ್ತಿತ್ತು. ಮೇಷ್ಟ್ರು ಹಾರ್ಮೋನಿಯಂ ಮುಚ್ಚಿ ಕೂಗಾಡಿದರು: "ಭೀಮಸೇನ, ಮಗೂಗೆ ಬೆಣ್ಣೆ ತಿನ್ಸಕ್ಕೆ ಹೋಗ್ತಿದ್ದೀಯೇನೋ?" ಏನೂ ಪ್ರಯೋಜನವಾಗಲಿಲ್ಲ. ಹಾಡಿನಲ್ಲಿ ಹುಡುಗ ದುರ್ಯೋಧನರಿಗಿಂತ ಒಂದು ಕೈ ಮೇಲು, ಇದನ್ನು ಊರಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದರೂ ನಾನು ಇಲ್ಲಿ ಬರೆಯುತ್ತೇನೆ. ಆದರೂ ಆ ವಾರ ನಮ್ಮ ನಾಟಕ ಹಿಂದಕ್ಕೇ ಹೋಗುತ್ತಿತ್ತು.

ಎಲ್ಲ ಕಡೆಯೂ ಹಿಂದಕ್ಕೆ ಅಂದರೆ ತಪ್ಪಾಗುತ್ತೆ. ಭೀಷ್ಮನದು ನೋಡಿ. ನಮ್ಮ ಭೀಷ್ಮ ಮೂವತ್ತನಾಲ್ಕರ ಗ್ಯಾರೇಜ್ ಹುಡುಗ, ಬಿಳಿ ಗಡ್ಡ ಅಂಟಿಸಿಕೊಂಡು ಐವತ್ತೆಂಟರ ದುರ್ಯೋಧನರ ತಲೆ ಸವರಿ "ಮಗೂ ಸುಯೋಧನಾ" ಅಂದಾಗಲೆಲ್ಲ ಜನ ಬಿದ್ದು ಬಿದ್ದು ನಗುತ್ತಿದ್ದರು. ಈಗ ಅದೇ ಮಾತಿಗೆ ಎಲ್ಲರೂ ಗಪ್‌ಚಿಪ್. ದುಶ್ಶಾಸನನಿಗೆ ಉಲ್ಟಾ ಹೊಡೆಯಿತು. ಅಣ್ಣನಿಗಿಂತ ತಮ್ಮ ಇಪ್ಪತ್ತಾರು ವರ್ಷ ದೊಡ್ಡವನಾಗಿಬಿಟ್ಟ, ಮೀಸೆಗೆ ಎಷ್ಟು ಕಪ್ಪು ಬಳಿದರೂ ಮುಚ್ಚಲಿಲ್ಲ. ಸಂಧಾನದ ಸೀನಿನ ಅರ್ಥವೇ ಬದಲಾಯಿತು. ಮೊದಲು ಕೃಷ್ಣ, ದುರ್ಯೋಧನ ಅಂದರೆ ಎರಡು ಹಳೇ ಹೋರಿಗಳು ಕೊಂಬು ಕೊಟ್ಟು ನಿಂತ ಹಾಗಿರುತ್ತಿತ್ತು. ದುರ್ಯೋಧನನದೇ ತಪ್ಪು, ಅದರಲ್ಲಿ ಅನುಮಾನವೇ ಇರಲಿಲ್ಲ. ಈಗ ಅರವತ್ತು ದಾಟಿದ ಮೇಷ್ಟ್ರು ಬಂದು ಹುಡುಗನ ಮುಂದೆ ನಿಂತು ಐದು ಊರು ಕೊಡು, ಇಲ್ಲದಿದ್ದರೆ ನಿನ್ನ ವಂಶ ಉಳಿಯಲ್ಲ ಎಂದು ಬೆರಳು ಆಡಿಸಿದರೆ, ಹೆದರಿಸುತ್ತಿರುವವನು ಕೃಷ್ಣನೇ ಅನ್ನಿಸುತ್ತಿತ್ತು. ಒಂದು ಅಕ್ಷರ ತಿದ್ದಿರಲಿಲ್ಲ. ತಾಲೀಮಿಗೆ ಬಂದಿದ್ದ ನಮ್ಮಮ್ಮ "ಪಾಪ, ಆ ಹುಡುಗನ್ನ ಎಲ್ಲಾರೂ ಸೇರ್ಕೊಂಡು ಹಿಂಗೆ ಮಾಡ್ತಾರಲ್ಲ" ಅಂದಳು. ಪಾಪ ಅಂದದ್ದು ದುರ್ಯೋಧನನಿಗೆ! ಹಾಗಿದ್ದರೆ ಪಕ್ಕದಲ್ಲಿ ನಿಂತು ಕಿವಿ ಕಚ್ಚುವ ಶಕುನಿ? ಮೊದಲು ನಾನು ಹಟಮಾರಿಯ ಬಾಲ ಆಗಿದ್ದೆ. ಈಗ ಹುಡುಗನ ತಲೆ ಕೆಡಿಸುವವನಾದೆ. ಪಾತ್ರ ನಿಜಕ್ಕೂ ದೊಡ್ಡದಾಯಿತು. ಖುಷಿಪಡಬೇಕೋ ಬೇಡವೋ ಗೊತ್ತಾಗಲಿಲ್ಲ.

ಭಾನುವಾರ ಆಸ್ಪತ್ರೆಯಿಂದ ದುರ್ಯೋಧನರು ಮನೆಗೆ ಬಂದರು. ಸೋಮವಾರ ಸಂಜೆ ಅವರ ಮಗ ಹೆಗಲ ಮೇಲೆ ಏನೋ ಹೊತ್ತು ತಾಲೀಮಿನ ಮನೆಗೆ ತಂದಿಟ್ಟ. ಅವರ ಗದೆ. ಸೀನರಿಯವರು ಕೊಡುವ ಗದೆ ಬರೀ ತಗಡಿನದು, ಒಳಗೆ ಟೊಳ್ಳು. ಇವರು ತಮ್ಮ ಹೊಲದ ಹಲಸಿನ ದಿಮ್ಮಿಯಲ್ಲಿ ಆಚಾರರ ಹತ್ತಿರ ಕೆತ್ತಿಸಿಕೊಂಡಿದ್ದರು. ಹಿಡಿಯ ಹತ್ತಿರ ಬೆವರು ಕುಡಿದು ಕಪ್ಪಾಗಿತ್ತು, ಮೇಲಿನ ಗುಂಡಿಗೆ ಹಳದಿ ಬಣ್ಣ, ಅಲ್ಲಲ್ಲಿ ಚಕ್ಕೆ ಎದ್ದು ಒಳಗಿನ ಹಲಸಿನ ಹಳದಿ ಕಾಣುತ್ತಿತ್ತು. ತೂಕ ನಾಲ್ಕು ಕಿಲೋಗೆ ಕಮ್ಮಿ ಇಲ್ಲ. "ಅಪ್ಪ ಕಳಿಸವ್ರೆ. ತಗಡಿಂದು ಹಿಡ್ಕೊಂಡು ತಿರುಗಿಸಬೇಡ ಅಂತ ಹೇಳು ಅಂದ್ರು."

ಹುಡುಗನ ಪ್ರವೇಶ ಅಲ್ಲಿಯ ತನಕ ಹೀಗಿತ್ತು: ಓಡಿ ಬಂದು, ಬುಗುರಿಯ ಹಾಗೆ ಎರಡು ಸುತ್ತು ತಿರುಗಿ, ಗದೆಯನ್ನು ಬೆರಳಲ್ಲಿ ಆಡಿಸಿ, ಹೆಗಲಿಗೇರಿಸಿ ನಿಲ್ಲುವುದು. ಅವನ ಊರಲ್ಲಿ ಅದಕ್ಕೆ ಶಿಳ್ಳೆ ಬೀಳುತ್ತಿತ್ತಂತೆ. ಹಲಸಿನ ಗದೆ ಹಿಡಿದು ಹಾಗೇ ಓಡಿ ಬಂದ, ತಿರುಗಲು ಹೋದ, ಗದೆಯೇ ಅವನನ್ನು ತಿರುಗಿಸಿ ಪರದೆಯ ಕಡೆಗೆ ಎಸೆಯಿತು. ಎಲ್ಲರೂ ನಕ್ಕರು. ಎರಡನೇ ಸಲ ನಡೆದುಕೊಂಡು ಬಂದ. ಮೂರನೇ ಸಲ ಬರುವಾಗ ಗದೆ ಹೆಗಲ ಮೇಲೆ ಕೂತಿತ್ತು, ಅದರ ಭಾರಕ್ಕೆ ಬಲಗಾಲು ಒಂದು ಗಳಿಗೆ ತಡವಾಗಿ ನೆಲ ಮುಟ್ಟುತ್ತಿತ್ತು, ಕತ್ತು ತಾನಾಗಿ ಸ್ವಲ್ಪ ಓರೆಯಾಗಿತ್ತು. ತಬಲದವರು ಯಾರೂ ಹೇಳದೆ ನಡೆ ನಿಧಾನ ಮಾಡಿದರು. ಮೇಷ್ಟ್ರು ನನ್ನ ಕಡೆ ನೋಡಿ ಹುಬ್ಬು ಏರಿಸಿದರು. ನಾಲ್ಕು ದಿನದಿಂದ ಅವರು ಬಾಯಲ್ಲಿ ಹೇಳಿ ಹೇಳಿ ಸೋತದ್ದನ್ನು ಒಂದು ಮರದ ತುಂಡು ಕಲಿಸಿತ್ತು.

ಶುಕ್ರವಾರ ಹೆಣ್ಣು ಪಾತ್ರದವರು ಬಂದರು. ಭಾನುಮತಿ ಮಾಡುವ ತಾಯಿಗೆ ಈ ಕಸುಬಲ್ಲಿ ಇಪ್ಪತ್ತು ವರ್ಷ. ನಾವು ಏದುಸಿರು ಬಿಡುತ್ತಾ ದುರ್ಯೋಧನ ಬದಲಾದ ಪುರಾಣ ಹೇಳಲು ಶುರುಮಾಡಿದರೆ ಆಕೆ ಎಲೆಅಡಿಕೆ ಮಡಿಚುತ್ತಾ ಹುಡುಗನನ್ನು ಕರೆದು ಮೂರೇ ಮೂರು ಕೇಳಿದರು. "ಶ್ರುತಿ ಎಷ್ಟು? ಯಾವ ಕಡೆಯಿಂದ ಬರ್ತೀಯ? ಹಾಡ್ತಾ ಕೈ ಹಿಡ್ಕೋತೀಯೋ ಇಲ್ವೋ?" ಅವನು ಬಿಳಿ ನಾಲ್ಕು, ಎಡಗಡೆ, ಇಲ್ಲ ಅಂದ. "ಸರಿ, ಹಿಡ್ಕೊಳ್ಳೋದಾದ್ರೆ ಮಾತ್ರ ಮೊದಲೇ ಹೇಳು" ಅಂದು ಎಲೆ ಬಾಯಿಗೆ ಹಾಕಿಕೊಂಡರು. ಅಷ್ಟೇ ತಾಲೀಮು. ಮರುದಿನ ಅವರಿಬ್ಬರ ಸೀನು ಹತ್ತು ವರ್ಷ ಸಂಸಾರ ಮಾಡಿದವರ ಹಾಗೆ ಬಂತು. ನಮಗೆ ಹತ್ತು ದಿನ ಹಿಡಿದದ್ದು ಆಕೆಗೆ ಒಂದು ಎಲೆಅಡಿಕೆಯ ಹೊತ್ತು.

ಶನಿವಾರ. ಬಸ್‌ಸ್ಟಾಪಿನಿಂದ ಸ್ಟೇಜಿನ ತನಕ ಫ್ಲೆಕ್ಸು, ಎಲ್ಲದರಲ್ಲೂ ದುರ್ಯೋಧನರ ಫೋಟೋ, ಕೂಲಿಂಗ್ ಗ್ಲಾಸು, ಕೈಮುಗಿದ ಭಂಗಿ. ಹುಡುಗನ ಫೋಟೋ ಪ್ರಿಂಟ್ ಮಾಡಿಸಿ ಮೇಲೆ ಅಂಟಿಸೋಣ ಅಂತ ದುಶ್ಶಾಸನ ಗುಬ್ಬಿಗೆ ಹೊರಟಿದ್ದ. ಹುಡುಗನೇ ತಡೆದ. "ಬ್ಯಾಡ ಅಣ್ಣ. ನಾಲ್ಕು ತಿಂಗಳು ಗಂಟಲು ಹರ್ಕೊಂಡೋರ ಮುಖದ ಮೇಲೆ ನಂದು ಅಂಟಿಸಬ್ಯಾಡ್ರಿ." ಕಿರೀಟಕ್ಕೆ ಒಳಗಡೆ ಬಟ್ಟೆ ತುರುಕಿದ್ದಾಯಿತು, ಭುಜಕೀರ್ತಿಗೆ ಪಿನ್ನು. ದುರ್ಯೋಧನರ ಎತ್ತರಕ್ಕೆ ಇಳಿಬಿಟ್ಟಿದ್ದ ಮೈಕುಗಳನ್ನು ಅರ್ಧ ಅಡಿ ಇಳಿಸಿದರು. ಕೃಷ್ಣ ಮೇಷ್ಟ್ರಿಗೆ ಸಮಾಧಾನ, ಇಷ್ಟು ದಿನ ಅವರು ತುದಿಗಾಲಲ್ಲಿ ನಿಂತು ಹಾಡುತ್ತಿದ್ದರಂತೆ, ಯಾರಿಗೂ ಹೇಳಿರಲಿಲ್ಲ.

ಮೊದಲ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗೆ ದಿಂಬು ಇಟ್ಟು ದುರ್ಯೋಧನರನ್ನು ಕೂರಿಸಿದ್ದರು. ಮೈಕಿನಲ್ಲಿ ಅನೌನ್ಸ್ ಮಾಡುವವನು ಅಭ್ಯಾಸಬಲದಿಂದ ದುರ್ಯೋಧನನ ಪಾತ್ರಧಾರಿ ಎಂದು ಅವರ ಹೆಸರನ್ನೇ ಕೂಗಿಬಿಟ್ಟ. ಅವರು ಕೂತಲ್ಲೇ ಕೈ ಎತ್ತಿ ಅಲ್ಲಾಡಿಸಿದರು. ಜನ ಕೂಗಿದರು. ಪಕ್ಕದ ಪರದೆಯ ಸಂದಿಯಲ್ಲಿ ನನ್ನ ಪಕ್ಕ ನಿಂತಿದ್ದ ಹುಡುಗನ ಗಂಟ್ಲಗುಳ್ಳೆ ಒಂದು ಸಲ ಮೇಲೆ ಹೋಗಿ ಇಳಿಯಿತು.

ಅರ್ಧರಾತ್ರಿಯ ತನಕ ಒಳ್ಳೆ ನಾಟಕ. ಹುಡುಗನ ಮೊದಲ ಕಂದಕ್ಕೇ ಒನ್ಸ್‌ಮೋರು. ಸೂಜಿಮೊನೆಯನ್ನು ಕೊನೆಗೇ ತಂದ, ಜನ ಹೋ ಅಂದರು, ಯಾಕೆ ಹೋ ಅಂದರು ಅಂತ ಗೊತ್ತಾಗದೆ ಗಾಬರಿಯಾಗಿ ನನ್ನ ಕಡೆ ನೋಡಿದ. ನನ್ನ ಪಾತ್ರ ನಾಲ್ಕು ಗಂಟೆಗೆ ಸತ್ತಿತು. ಬಣ್ಣ ಒರೆಸದೆ ಬಂದು ಪಕ್ಕದ ಪರದೆಯ ಹಿಂದೆ ಕೂತೆ.

ಐದೂವರೆಗೆ ವೈಶಂಪಾಯನ ಸರೋವರ. ನೀಲಿ ಪರದೆ, ಅದರ ಹಿಂದೆ ಸ್ಟೂಲಿನ ಮೇಲೆ ಹುಡುಗ ಬಗ್ಗಿ ಕೂತಿದ್ದ. ಭೀಮ ಬಂದು ದಡದಲ್ಲಿ ನಿಂತು, ಅಡಗಿ ಕೂತವನನ್ನು ಹೀಗಳೆದು ಹೊರಗೆ ಎಳೆಯುವ ಪದ್ಯ ಹಾಡಬೇಕು. ಮೊದಲ ಸಾಲು ತಾಲೀಮಿನ ಹಾಗೇ ಸಪ್ಪೆ. ನಿದ್ದೆಗೆಟ್ಟ ಜನ ಆಕಳಿಸುತ್ತಿದ್ದರು. ಎರಡನೇ ಸಾಲಿಗೆ ಭೀಮನ ಕಣ್ಣು ಎಲ್ಲೋ ಹೋಯಿತು. ಕುರ್ಚಿಗಳ ಮೊದಲ ಸಾಲಿಗೆ. ದಿಂಬಿನ ಕುರ್ಚಿಗೆ. ದುರ್ಯೋಧನರು ಟವಲು ಹೊದ್ದು, ಹೊಟ್ಟೆ ಮೇಲೆ ಕೈ ಇಟ್ಟುಕೊಂಡು ನೆಟ್ಟಗೆ ಅವನನ್ನೇ ನೋಡುತ್ತಿದ್ದರು. ಭೀಮ ಸರೋವರಕ್ಕೆ ಬೆನ್ನು ಹಾಕಿ ಜನದ ಕಡೆ ತಿರುಗಿದ. ಮೈಕು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ. ಮೇಷ್ಟ್ರು ಹಾರ್ಮೋನಿಯಂ ಬಿಟ್ಟು ತಲೆ ಎತ್ತಿದರು. "ಭೂಮಿ ಭೂಮಿ ಅಂತಿದ್ಯಲ್ಲೋ! ಎಲ್ಲೋ ಹೋದೆ? ಮಲಗಿಬಿಟ್ರೆ ಬಿಟ್ಟೇನಾ? ಎದ್ದು ಬಾರೋ!" ಇದು ಪ್ರತಿಯಲ್ಲೇ ಇರಲಿಲ್ಲ. ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಬಂದ ಕೂಗಿಗೆ ಶಾಮಿಯಾನದ ಮೇಲಿದ್ದ ಕಾಗೆ ಎದ್ದವು. ಕುರ್ಚಿಯಲ್ಲಿ ದುರ್ಯೋಧನರು ನಗಲು ಹೋಗಿ, ಹೊಲಿಗೆ ಹಿಡಿದುಕೊಂಡು, ಮುಖ ಕಿವುಚಿ, ಮತ್ತೆ ನಕ್ಕರು.

ನೀಲಿ ಪರದೆಯ ಹಿಂದೆ ಇದ್ದ ಹುಡುಗನಿಗೆ ಇದೊಂದೂ ಕಾಣುತ್ತಿರಲಿಲ್ಲ. ಅವನಿಗೆ ಕೇಳಿದ್ದು ದನಿಯೊಂದೇ, ಹತ್ತು ದಿನದಲ್ಲಿ ಭೀಮನ ಬಾಯಿಂದ ಒಮ್ಮೆಯೂ ಬರದ ದನಿ. ಅವನು ಎದ್ದ ರೀತಿ ನಾನು ಮರೆಯುವುದಿಲ್ಲ. ಹಲಸಿನ ಗದೆ ಮೊದಲು ಮೇಲೆ ಬಂತು, ಆಮೇಲೆ ಕಿರೀಟ, ಆಮೇಲೆ ಕೆಂಡದಂಥ ಕಣ್ಣು. ಬಿಳಿ ನಾಲ್ಕರಲ್ಲಿ ಎತ್ತಿದ ಪದ್ಯ ಕೆರೆ ಏರಿ ದಾಟಿ ಹೋಗಿರಬೇಕು. ಗದಾಯುದ್ಧ ಇಪ್ಪತ್ತು ನಿಮಿಷ ನಡೆಯಿತು. ಗದೆಗೆ ಗದೆ ತಾಗುವ ಸದ್ದು, ಸೂರ್ಯ ಹುಟ್ಟುತ್ತಿದ್ದ, ಯಾರೂ ಕುರ್ಚಿ ಮೇಲಿಲ್ಲ. ತೊಡೆಗೆ ಹೊಡೆಯುವ ಕೊನೇ ಏಟು ಮಾತ್ರ, ದೂರದಿಂದ ಗೊತ್ತಾಗದಿರಬಹುದು, ಭೀಮ ಗಾಳಿಯಲ್ಲೇ ನಿಲ್ಲಿಸಿದ. ಹುಡುಗ ಬಿದ್ದ.

ಮೇಕಪ್ ರೂಮು ಅಂದರೆ ನಮ್ಮೂರ ಅಂಗನವಾಡಿ. ಗೋಡೆ ಮೇಲಿನ ಅ ಆ ಇ ಈ ಚಾರ್ಟಿನ ಕೆಳಗೆ ಕೂತು ಎಲ್ಲರೂ ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಒರೆಸುತ್ತಿದ್ದೆವು. ಮಗನ ಹೆಗಲು ಹಿಡಿದು ದುರ್ಯೋಧನರು ಒಳಗೆ ಬಂದರು. ಹುಡುಗ ಕಾಲಿಗೆ ಬಿದ್ದ. ತಲೆ ಮುಟ್ಟಿ, ಒಂದು ನೂರರ ನೋಟು ಕೊಟ್ಟರು. ಆಮೇಲೆ ಮೂಲೆಯಲ್ಲಿ ಇಟ್ಟಿದ್ದ ಗದೆ ನೋಡಿದರು. ಎತ್ತಲು ಹೋಗಲಿಲ್ಲ. ಗದೆ ನೋಡುತ್ತಲೇ, ಯಾರಿಗೂ ಅಲ್ಲ ಅನ್ನೋ ಹಾಗೆ ಅಂದರು:

"ಕೊನೇ ಏಟು ಬೀಳಲೇ ಇಲ್ಲ."

ಭೀಮ ಮುಖಕ್ಕೆ ಎಣ್ಣೆ ಹಚ್ಚುತ್ತಿದ್ದವನು ಕೈ ನಿಲ್ಲಿಸಿದ. ರೂಮಿನಲ್ಲಿ ಎಲ್ಲರ ಕೈಯೂ ನಿಂತಿತು.

"ಯಾರೋ ಹೆತ್ತ ಮಗ," ಅಂದ ಭೀಮ, ಕನ್ನಡಿ ನೋಡುತ್ತಲೇ. "ಹೆಂಗೆ ಹೊಡೀಲಿ?"

"ನಾನಾಗಿದ್ರೆ?"

"ನೀನಾಗಿದ್ರೆ ಹೊಡೀತಿದ್ದೆ."

ದುರ್ಯೋಧನರು ತಲೆ ಆಡಿಸಿದರು. ಸರಿಯಾದ ಉತ್ತರ ಸಿಕ್ಕಿದ ಮೇಷ್ಟ್ರು ಆಡಿಸುವ ಹಾಗೆ. ಅಷ್ಟರಲ್ಲಿ ಹೊರಗೆ ಹಾರನ್ ಕೇಳಿತು. ಹುಡುಗನಿಗೆ ಹಾಲಿನ ಲೈನಿಗೆ ಆಗಲೇ ಒಂದು ಗಂಟೆ ತಡವಾಗಿತ್ತು. ಕಣ್ಣಿನ ಕಪ್ಪು ಅಳಿಸದೆ, ಅರ್ಧ ಮೀಸೆ ಇಟ್ಟುಕೊಂಡೇ ಗಾಡಿ ಹತ್ತಿದ್ದ.